ಎತ್ವ ತಪ್ಪಿ ಸತ್ತವನು

ಈ ಪಟ್ಟಣದಲ್ಲಿ ಅಪರಾಧಗಳು ಕಡಿಮೆ ಎಂಬುದು ಪಟ್ಟಣದ ತಪ್ಪಲ್ಲ. ಜನ ತಮ್ಮ ಕೈಲಾದಷ್ಟು ಮಾಡಿದ್ದಾರೆ. ಠಾಣೆಯ ಗೋಡೆಯ ಹಲಗೆಯಲ್ಲಿ ‘ಗಮನಾರ್ಹ ಅಪರಾಧಗಳು’ ಎಂಬ ಶೀರ್ಷಿಕೆಯ ಕೆಳಗೆ ಮೂರು ಸಾಲುಗಳಿವೆ. ಉಳಿದ ಜಾಗ ಹಾಳಾಗಬಾರದೆಂದು ದಫೇದಾರರು ಅಲ್ಲಿ ಹೂವಿನ ಬಳ್ಳಿ ಬಿಡಿಸಿದ್ದಾರೆ.

ಮೊದಲನೆಯ ಸಾಲು ಟ್ರಿಣ್ಣನದು. ಟ್ರಿಣ್ಣ ಸೈಕಲ್ಲಿನ ಗಂಟೆ ಕದಿಯುತ್ತಿದ್ದ. ಸೈಕಲ್ಲನ್ನೇ ಕದ್ದರೆ ತುಳಿಯಬೇಕು, ಅವನಿಗೆ ತುಳಿಯಲು ಬಾರದು. ಗಂಟೆಯಾದರೆ ಜೇಬಿನಲ್ಲಿ ಕೂರುತ್ತದೆ ಎಂಬುದು ಅವನ ಲೆಕ್ಕಾಚಾರ. ಜೇಬಿನಲ್ಲಿ ಕೂತ ಗಂಟೆ ಹೆಜ್ಜೆಹೆಜ್ಜೆಗೂ ಟ್ರಿಣ್ ಎನ್ನುತ್ತದೆಂಬುದು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ. ಅವನನ್ನು ಹಿಡಿಯಲು ದಫೇದಾರರು ಕುರ್ಚಿಯಿಂದ ಏಳಬೇಕಾಗಿರಲಿಲ್ಲ, ಕಿಟಕಿ ತೆರೆದಿಟ್ಟರೆ ಸಾಕಿತ್ತು. ಹೆತ್ತವರು ಇಟ್ಟ ಹೆಸರು ಊರಿಗೆ ಮರೆತುಹೋಗಿ ಅವನು ಟ್ರಿಣ್ಣನಾಗಿ ಉಳಿದ.

ಎರಡನೆಯದು ಮೊಳೆ ಅಂಗಡಿಯ ಅಣ್ಣತಮ್ಮಂದಿರದು. ತಮ್ಮನಾದವನು ಅಂಗಡಿಯ ತೂಕದ ಯಂತ್ರವನ್ನು ಅಪಹರಿಸಿ, ‘ಪೊಲೀಸರಿಗೆ ಹೇಳಿದರೆ ಯಂತ್ರದ ಮುಳ್ಳು ಮುರಿಯಲಾಗುವುದು’ ಎಂದು ಅಣ್ಣನಿಗೆ ಬೆದರಿಕೆ ಪತ್ರ ಬರೆದಿದ್ದ. ಅಂಚೆ ತಡವಾಗುತ್ತದೆಂದು ಪತ್ರವನ್ನು ಖುದ್ದಾಗಿ ತಲುಪಿಸಿ, ಉತ್ತರಕ್ಕೆ ಅಲ್ಲೇ ಕಾದು ನಿಂತಿದ್ದ. ಮೂರನೆಯದು ನಿವೃತ್ತ ಟೀಚರದು. ಅವರು ಗ್ರಂಥಾಲಯದ ಪತ್ತೇದಾರಿ ಕಾದಂಬರಿಗಳ ಕೊನೆಯ ಪುಟವನ್ನೆಲ್ಲ ಹರಿದು ಮನೆಗೆ ಒಯ್ದಿದ್ದರು. ಕೊಲೆಗಾರ ಯಾರೆಂದು ತಿಳಿಯಬೇಕಾದವರು ಅವರ ಮನೆಗೆ ಹೋಗಿ ಕೈಕಟ್ಟಿ ಕೂತು, ಮೊದಲು ವ್ಯಾಕರಣದ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು.

ಟ್ರಿಣ್ಣ ಈಚೆಗೆ ಕಳ್ಳತನ ಬಿಟ್ಟಿದ್ದ. ಕಾರಣ, ಇಸ್ತ್ರಿ ಅಂಗಡಿಯವಳು. ಒಮ್ಮೆ ಅವನ ಅಂಗಿಯನ್ನು ಇಸ್ತ್ರಿ ಮಾಡುವಾಗ ಜೇಬಿನಲ್ಲಿ ಗಂಟೆ ಸಿಕ್ಕಿ, ಅವಳು ಅದನ್ನೂ ಒರೆಸಿ ಹೊಳಪು ಮಾಡಿ ಅಂಗಿಯ ಮೇಲಿಟ್ಟು ಕೊಟ್ಟಿದ್ದಳು. ಅಷ್ಟಕ್ಕೇ ಇವನು ನೀರಾದ. ಮದುವೆಗೆ ಅವಳು ಸೈ ಅಂದಳು. ಅವಳ ಅಣ್ಣ, ಬಸ್ ಕಂಡಕ್ಟರ್, ಅನ್ನಲಿಲ್ಲ.

“ಟಿಕೆಟ್ ಇಲ್ಲದೋನನ್ನ ನಾನು ಬಸ್ಸಿಗೇ ಹತ್ತಿಸಲ್ಲ. ಸನ್ನಡತೆ ಪ್ರಮಾಣಪತ್ರ ಇಲ್ಲದೋನಿಗೆ ತಂಗಿ ಕೊಡ್ತೀನಾ?” ಎಂದಿದ್ದ.

ಟ್ರಿಣ್ಣ ದಫೇದಾರರ ಮುಂದೆ ಹೋಗಿ ನಿಂತರೆ ಅವರಿಗೆ ನಿಜವಾಗಿಯೂ ಬೇಜಾರಾಯಿತು. “ಕೊಡಬಾರದು ಅಂತಲ್ಲಪ್ಪ. ವರ್ಷಗಟ್ಟಲೆ ನಿನ್ನ ಮೇಲೆ ಕಣ್ಣಿಡಬೇಕು. ಅಷ್ಟರಲ್ಲಿ ನಾನು ನಿವೃತ್ತಿ ಆಗ್ತೀನಿ. ಆಮೇಲೆ ಬರೋರು ಅವರ ಕಣ್ಣನ್ನ ಮೊದಲಿಂದ ಇಡ್ತಾರೆ. ನಿನ್ನ ತಲೆ ನೆರೆಯುತ್ತೆ ಅಷ್ಟೆ.”

ಟ್ರಿಣ್ಣ ಹೀಗೆ ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಪಟ್ಟಣಕ್ಕೆ ಒಬ್ಬ ಸಿನಿಮಾ ನಿರ್ದೇಶಕ ಬಂದ. ಸಣ್ಣ ಊರಿನ ಅಪರಾಧಗಳನ್ನು ಒಂದಕ್ಕೊಂದು ಹೆಣೆದು, ನೋಡಿದವರು ನಗಬೇಕೋ ಹೆದರಬೇಕೋ ತಿಳಿಯದಂಥ ಚಿತ್ರ ಮಾಡುವುದು ಅವನ ಆಸೆ. ಹಲಗೆಯ ಮೂರು ಸಾಲು ಓದಿದ್ದೇ ಅವನು ಹಿಗ್ಗಿಹೋದ. ಬಾಡಿಗೆಗೆ ಕೋಣೆ ಇರುವವರು, ಕುರ್ಚಿ ಇರುವವರು, ಕೊನೆಗೆ ಬರೀ ಮುಖ ಇರುವವರೂ ಹಿಗ್ಗಿದರು. ಕ್ಷೌರಿಕ ತನ್ನ ಅಂಗಡಿಗೆ ಸುಣ್ಣ ಹೊಡೆಸಿ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆಂದು ತನ್ನ ಮೀಸೆ ತಾನೇ ತೆಗೆದುಕೊಂಡ.

ಉಳಿದದ್ದು ಅನುಮತಿ ಮಾತ್ರ. ಅದನ್ನು ಕೊಡುವುದು ಪುರಸಭೆಯ ‘ಪರವಾನಗಿ, ಜನನ, ಮರಣ, ವಿವಾಹ ಮತ್ತು ಬೀದಿದೀಪ ಶಾಖೆ’. ನಿರ್ದೇಶಕ ಅರ್ಜಿಯಲ್ಲಿ ‘ಮೂರು ನಿಜ ಅಪರಾಧಗಳಿಂದ ಹೆಣೆದ ಕಥೆ’ ಎಂದು ಬರೆದಿದ್ದ. ಆದೇಶ ‘ಮೂರು ನಿಜ ಅಪರಾಧಗಳಿಂದ ಹೆಣದ ಕಥೆ’ ಎಂದು ಬಂತು.

ನಿರ್ದೇಶಕ ಮೂರೂ ಪ್ರಕರಣದವರನ್ನು ಸಾಕ್ಷಿಗೆ ಕಟ್ಟಿಕೊಂಡು ಶಾಖೆಗೆ ಓಡಿದ. ಟ್ರಿಣ್ಣ ಎಲ್ಲರ ಹಿಂದೆ, ಬೀರುವಿಗೆ ಒರಗಿ ನಿಂತಿದ್ದ.

“ಸಾರ್, ಒಂದು ಎತ್ವ ಬಿಟ್ಟುಹೋಗಿದೆ. ‘ಣೆ’ ಆಗಬೇಕಾದ್ದು ‘ಣ’ ಆಗಿದೆ,” ಎಂದ ನಿರ್ದೇಶಕ.

ಟೈಪಿಸ್ಟ್ ಮುಖ ಗಂಟಿಕ್ಕಿದ. “ಹಿಂದಿನ ‘ಹೆ’ಗೆ ಎತ್ವ ಕೊಟ್ಟಿದ್ದೀನಲ್ಲ. ಒಂದು ಪದಕ್ಕೆ ಎಷ್ಟು ಬೇಕು ನಿಮಗೆ?”

“ಮಿತವ್ಯಯದ ಸುತ್ತೋಲೆ ಇದೆ,” ಎಂದು ಶಾಖೆಯ ಅಧಿಕಾರಿಗಳು ಅವನ ಬೆಂಬಲಕ್ಕೆ ಬಂದರು.

“ಆದರೆ ಅರ್ಥವೇ ಬದಲಾಯಿತಲ್ಲ ಸಾರ್! ನನ್ನ ಕಥೆಯಲ್ಲಿ ಹೆಣ ಇಲ್ಲ.”

“ಈಗ ಇದೆ,” ಎಂದರು ಅಧಿಕಾರಿಗಳು. “ಆದೇಶ ತಿದ್ದಬೇಕಾದರೆ, ಸಹಿ ಹಾಕಿದವರು ಓದದೆ ಸಹಿ ಹಾಕಿದೆ ಅಂತ ಬರೆದುಕೊಡಬೇಕು. ನನ್ನ ಇಡೀ ಸೇವೆಯಲ್ಲಿ ನಾನು ಓದಿ ಸಹಿ ಹಾಕಿದ್ದು ಸಂಬಳದ ಪಟ್ಟಿಗೆ ಮಾತ್ರ. ಒಂದಕ್ಕೆ ಬರೆದುಕೊಟ್ಟರೆ ಎಲ್ಲದಕ್ಕೂ ಬರೆದುಕೊಡಬೇಕಾಗುತ್ತೆ. ಅದಕ್ಕಿಂತ ನೀವೇ ಒಂದು ಹೆಣ ತನ್ನಿ. ಇದೇ ಊರಿನದಾಗಿರಬೇಕು, ಇದೇ ಮೂರು ಪ್ರಕರಣಕ್ಕೆ ಸೇರಿರಬೇಕು. ಅದಿಲ್ಲದೆ ಕ್ಯಾಮೆರಾ ತಿರುಗಿದರೆ ಜಪ್ತಿ.”

ಆ ಸಂಜೆ ಠಾಣೆಯಲ್ಲಿ ಸರ್ವಪಕ್ಷಗಳ ಸಭೆ ಸೇರಿತು. ಕಾಗದದ ಮೇಲೆ ಸತ್ತರೆ ಸಾಕು, ದೇಹಕ್ಕೆ ತೊಂದರೆ ಕೊಡುವುದಿಲ್ಲ ಎಂದು ದಫೇದಾರರು ಮೊದಲೇ ಸ್ಪಷ್ಟಪಡಿಸಿದರು. ಟೀಚರು ನಿರಾಕರಿಸಿದರು. “ನಾನು ಸತ್ತರೆ ಕೊಲೆಗಾರ ಯಾರು ಅಂತ ಜನ ಯಾರನ್ನ ಕೇಳಬೇಕು?” ಮೊಳೆ ಅಂಗಡಿಯ ಅಣ್ಣ ಬಹಳ ಉದಾರವಾಗಿ ತಮ್ಮನ ಹೆಸರು ಸೂಚಿಸಿದ, ತಮ್ಮ ಅಷ್ಟೇ ಉದಾರವಾಗಿ ಅಣ್ಣನದನ್ನು. ಬದುಕಿ ಉಳಿದವನಿಗೆ ತೂಕದ ಯಂತ್ರ ಸೇರುತ್ತದೆಂದು ಇಬ್ಬರಿಗೂ ಒಟ್ಟಿಗೇ ಹೊಳೆದು, ಇಬ್ಬರೂ ಹೊರಡಲು ಬೆಂಚಿನಡಿ ಚಪ್ಪಲಿ ಹುಡುಕತೊಡಗಿದರು. ಆಗ ಎಲ್ಲರ ಕಣ್ಣೂ ಟ್ರಿಣ್ಣನ ಮೇಲೆ ಬಿತ್ತು. ಬಿಟ್ಟುಹೋದ ಎತ್ವ ಹೀಗೆ ಅವನ ತಲೆಗೆ ಬಂತು.

“ನಾನು ಮದುವೆ ಆಗಬೇಕಾದೋನು ಸಾರ್,” ಎಂದ ಟ್ರಿಣ್ಣ, ಅಳು ಬರುವಂತಾಗಿ.

“ಅದಕ್ಕೇ ಹೇಳ್ತಿರೋದು,” ಎಂದರು ದಫೇದಾರರು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು. “ಬದುಕಿರೋರಿಗೆ ಸನ್ನಡತೆ ಪತ್ರ ಕೊಡೋದು ಕಷ್ಟ. ನಾಳೆ ಏನು ಮಾಡ್ತಾರೋ ಯಾರಿಗೆ ಗೊತ್ತು? ಸತ್ತೋರದು ಹಾಗಲ್ಲ. ಅವರು ಇನ್ನೇನೂ ಮಾಡೋ ಹಾಗಿಲ್ಲ. ಮೇಲಾಗಿ ಸತ್ತೋರ ಬಗ್ಗೆ ಕೆಟ್ಟದ್ದು ಮಾತಾಡಬಾರದು. ನೀನು ಇವತ್ತು ಸತ್ತರೆ ನಾಳೆ ಬೆಳಿಗ್ಗೆ ಪತ್ರ ನಿನ್ನ ಕೈಲಿ.”

ಟ್ರಿಣ್ಣ ಒಮ್ಮೆ ತಲೆ ಕೆರೆದುಕೊಂಡು, ಸತ್ತ.

ಇಲ್ಲಿಂದ ಮುಂದೆ ಅವರನ್ನು ಬಹುವಚನದಲ್ಲಿ ಕರೆಯಬೇಕೆಂಬುದು ನಿಯಮ. ದಿವಂಗತ ಟ್ರಿಣ್ಣನವರ ಮರಣದ ವರದಿಯನ್ನು ದಫೇದಾರರು ತಾವೇ ಕೂತು ಬರೆದರು. ಅದರ ಪ್ರಕಾರ ಮೃತರು ಗಂಟೆಯೊಂದನ್ನು ಜೇಬಿಗಿಳಿಸಿ ಹೋಗುತ್ತಿದ್ದಾಗ, ಅಪಹೃತ ತೂಕದ ಯಂತ್ರವು ಮಹಡಿಯಿಂದ ಅವರ ತಲೆಯ ಮೇಲೆ ಬಿದ್ದಿತು. ಯಂತ್ರವನ್ನು ತಳ್ಳಿದವರು ಯಾರೆಂಬುದು ವರದಿಯ ಕೊನೆಯ ಪುಟದಲ್ಲಿದ್ದು, ಸದರಿ ಪುಟವನ್ನು ಟೀಚರು ಹರಿದುಕೊಂಡಿದ್ದಾರೆ. ನಿರ್ದೇಶಕ ಅದನ್ನು ಓದಿ ಬೆರಗಾದ. ಊರಿಗೆ ಬಂದಾಗಿನಿಂದ ಅವನಿಗೆ ಹೆಣೆಯಲಾಗದ ಮೂರು ಕಥೆಗಳನ್ನು ಠಾಣೆ ಒಂದೇ ಸಂಜೆಯಲ್ಲಿ ಹೆಣೆದು ಕೊಟ್ಟಿತ್ತು.

ಮರುದಿನ ಪುರಸಭೆಯ ಧ್ವನಿವರ್ಧಕ ಬೀದಿಬೀದಿ ಸುತ್ತಿತು. “ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಶ್ರೀ ಟ್ರಿಣ್ಣನವರು ನಿಧನರಾಗಿದ್ದಾರೆ. ಮೃತರು ಎದುರಿಗೆ ಸಿಕ್ಕಲ್ಲಿ ಮಾತನಾಡಿಸತಕ್ಕದ್ದಲ್ಲ. ಮಾತನಾಡಿಸಲೇಬೇಕಾದಲ್ಲಿ ತಗ್ಗಿದ ಧ್ವನಿಯಲ್ಲಿ ಮಾತನಾಡಿಸತಕ್ಕದ್ದು. ಮೃತರು ಸಾಲ ಕೇಳಿದರೆ ಕೊಡತಕ್ಕದ್ದಲ್ಲ.”

ಸತ್ತ ಮೇಲೆ ಟ್ರಿಣ್ಣನವರಿಗೆ ಕಾಲ ಕೂಡಿಬಂತು. ಗಂಟೆ ಕಳೆದುಕೊಂಡವರೇ ದಾರಿಯಲ್ಲಿ ತಡೆದು, “ಎಂಥಾ ಮನುಷ್ಯ! ಗಂಟೆ ಕದ್ದರೂ ಬ್ರೇಕಿಗೆ ಕೈ ಹಚ್ಚಿದೋರಲ್ಲ,” ಎಂದು ಮೂಗೆಳೆದುಕೊಂಡರು. ಕ್ಷೌರಿಕ ಅವರಿಗೆ ಗಡ್ಡ ಮಾಡಿ, “ಇರೋವಾಗ ನಿಮ್ಮ ಬೆಲೆ ನಮಗೆ ಗೊತ್ತಾಗಲಿಲ್ಲ,” ಎಂದ. ಚಿತ್ರೀಕರಣದಲ್ಲಿ ಅವರು ಬೀದಿಯ ಮಧ್ಯೆ ಮಲಗಿ ಅಪ್ಪಟ ಹೆಣವಾದರು. ಬಿಸಿಲಿಗೆ ಸೀನು ಬಂದು ಸೀನಿದಾಗ ನಿರ್ದೇಶಕ ರೇಗಿದ, ಆದರೆ ಹೆಣ ಸೀನಬಾರದೆಂದು ಆದೇಶದಲ್ಲಿ ಎಲ್ಲೂ ಇಲ್ಲ ಎಂದು ಸ್ಥಳದಲ್ಲಿದ್ದ ಅಧಿಕಾರಿಗಳು ತೋರಿಸಿಕೊಟ್ಟರು.

ಊರಿನಲ್ಲಿ ಅವರನ್ನು ಏಕವಚನದಲ್ಲಿ ಬೈಯಲು ಉಳಿದವಳು ಇಸ್ತ್ರಿ ಅಂಗಡಿಯವಳು ಒಬ್ಬಳೇ.

“ನನ್ನ ಒಂದು ಮಾತು ಕೇಳದೆ ಸತ್ತುಬಿಟ್ಟೆಯಲ್ಲೋ!” ಎಂದು ಅವಳು ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು.

“ನಿನಗೋಸ್ಕರಾನೇ ಕಣೇ ಸತ್ತಿದ್ದು,” ಎಂದು ಟ್ರಿಣ್ಣನವರು ಸನ್ನಡತೆ ಪತ್ರವನ್ನು ಇಸ್ತ್ರಿ ಹಲಗೆಯ ಮೇಲೆ ಬಿಡಿಸಿಟ್ಟರು. ಅವಳು ಓದಿದಳು. ಅದರಲ್ಲಿ ಮೃತರು ಪರೋಪಕಾರಿಗಳೂ ಮಿತಭಾಷಿಗಳೂ ಸೈಕಲ್‌ಪ್ರಿಯರೂ ಆಗಿದ್ದರೆಂದು ಬರೆದಿತ್ತು. ಕೋಪದ ನಡುವೆಯೇ ಅವಳು ಆ ಕಾಗದವನ್ನು ಸುಕ್ಕಾಗದಂತೆ ಇಸ್ತ್ರಿ ಮಾಡಿ ಅಣ್ಣನಿಗೆ ತೋರಿಸಿದಳು. ಕಂಡಕ್ಟರ್ ಅದನ್ನು ಬೆಳಕಿಗೆ ಹಿಡಿದು ಮೊಹರು ನೋಡಿ, ಸರಿಯಾಗಿದೆ, ಮುಂದೆ ಹೋಗಲಿ ಎಂದ.

ಮುಂದೆ ಹೋದದ್ದು ಅದೇ ಶಾಖೆಗೆ. ಅಧಿಕಾರಿಗಳು ಮದುವೆಯ ಅರ್ಜಿ ನೋಡಿ ಕನ್ನಡಕ ತೆಗೆದರು.

“ವಧು ಜೀವಂತ. ವರ ಮೃತ. ಎರಡೂ ಪಕ್ಷದವರು ಒಂದೇ ಸ್ಥಿತಿಯಲ್ಲಿರಬೇಕಮ್ಮ. ನೀವೂ ಒಂದು ಮರಣದ ಅರ್ಜಿ ಹಾಕಿದರೆ ನೋಡಬಹುದು.”

“ನಾನು ಸತ್ತರೆ ಊರಿನ ಬಟ್ಟೆ ನೀವು ಇಸ್ತ್ರಿ ಮಾಡ್ತೀರಾ? ಇವನನ್ನೇ ಬದುಕಿಸಿ.”

“ಬದುಕಿಸಬೇಕಾದರೆ, ಹೆಣ ನೋಡದೆ ಮರಣ ದಾಖಲಿಸಿದೆ ಅಂತ ನಾನು ಬರೆದುಕೊಡಬೇಕು. ಸಿನಿಮಾ ಜಪ್ತಿ ಆಗುತ್ತೆ. ಸನ್ನಡತೆ ಪತ್ರವೂ ರದ್ದಾಗುತ್ತೆ, ಬದುಕಿರೋ ಇವರು ಎಂಥೋರು ಅಂತ ಊರಿಗೇ ಗೊತ್ತಲ್ಲ.”

ಸತ್ತದ್ದಕ್ಕೆ ಟ್ರಿಣ್ಣನವರಿಗೆ ದುಃಖವಾದದ್ದು ಇದೇ ಮೊದಲು. ಬದುಕಿದರೆ ಅವಳ ಅಣ್ಣ ಒಪ್ಪುವುದಿಲ್ಲ, ಸತ್ತರೆ ಸರ್ಕಾರ ಒಪ್ಪುವುದಿಲ್ಲ. ಅವರು ಅಲ್ಲೇ ಬೆಂಚಿನ ಮೇಲೆ ಕೂತು, ಮಿತಭಾಷಿಗಳೆಂಬ ಪ್ರಮಾಣಪತ್ರವನ್ನೂ ಮರೆತು, ಬಾಯಿಬಿಟ್ಟು ಅತ್ತರು. “ನನ್ನ ಬಿಟ್ಟುಬಿಡೆ,” ಎಂದರು. “ಬದುಕಿರೋನು ಯಾರನ್ನಾದ್ರೂ ನೋಡಿಕೋ.”

ಅವಳು ಕೇಳಿಸಿಕೊಳ್ಳಲಿಲ್ಲ. ಅಧಿಕಾರಿಗಳ ಹಿಂದಿನ ಗೋಡೆಯಲ್ಲಿ ಅಂಟಿಸಿದ್ದ ಶಾಖೆಯ ಸೇವೆಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಿದ್ದಳು.

“ವಿಧವಾ ಪ್ರಮಾಣಪತ್ರಕ್ಕೆ ಏನೇನು ಬೇಕು ಸಾರ್?”

“ಗಂಡ ಸತ್ತಿರಬೇಕು.”

“ಮದುವೆ ಆಗಿದ್ದಕ್ಕೆ ದಾಖಲೆ?”

“ಛೆ ಛೆ. ದುಃಖದಲ್ಲಿರೋ ಹೆಣ್ಣುಮಕ್ಕಳ ಹತ್ತಿರ ಅಂಥದ್ದೆಲ್ಲ ಕೇಳಬಾರದು ಅಂತ ಸುತ್ತೋಲೆ ಇದೆ.”

“ವಿಧವೆ ಅಂತ ನೀವು ಬರೆದುಕೊಟ್ಟರೆ, ಅದಕ್ಕೂ ಮೊದಲು ನಾನು ಇವನ ಹೆಂಡತಿ ಆಗಿದ್ದೆ ಅಂತ ತಾನೆ?”

ಅಧಿಕಾರಿಗಳು ಕನ್ನಡಕ ಹಾಕಿಕೊಂಡು ನಿಯಮಾವಳಿ ತಿರುವಿದರು. ದಿವಂಗತರು ಬೆಂಚಿನ ಮೇಲೆ ಬಿಕ್ಕುತ್ತಲೇ ಇದ್ದರು.

“ಆಗಿರಲೇಬೇಕಾಗುತ್ತದೆ,” ಎಂದರು ಕೊನೆಗೆ. “ಬೇರೆ ದಾರಿಯೇ ಇಲ್ಲ.”

ಕಂಡಕ್ಟರನ್ನೂ ದಫೇದಾರರನ್ನೂ ಸಾಕ್ಷಿಗೆ ಕರೆಸಲಾಯಿತು. ಟೈಪಿಸ್ಟ್ ಕಾಗದ ಏರಿಸಿ ಕೂತ. ಅಧಿಕಾರಿಗಳು ಗಂಟಲು ಸರಿಮಾಡಿಕೊಂಡು ಪ್ರಶ್ನೆ ಕೇಳಿದರು.

“ಮೃತರನ್ನು ಗುರುತಿಸುವಿರಾ?”

“ಇವನೇ,” ಎಂದು ಅವಳು ಅವರ ತೋಳು ಹಿಡಿದುಕೊಂಡಳು.

“ಮೃತರೊಡನೆ ಸಂಸಾರ ಹೇಗಿತ್ತು?”

“ಚೆನ್ನಾಗಿರುತ್ತೆ ಸಾರ್. ನಾನು ನೋಡ್ಕೋತೀನಿ.”

“ಮೃತರ ಕೊನೆಯ ಮಾತು?”

ಎಲ್ಲರೂ ಟ್ರಿಣ್ಣನವರ ಕಡೆ ತಿರುಗಿದರು. ಅವರು ತಬ್ಬಿಬ್ಬಾಗಿ ಅವಳ ಕಿವಿಯ ಹತ್ತಿರ ಬಗ್ಗಿದರು. “ಏನು ಹೇಳಲೇ?”

“ಒಪ್ಪಿದ್ದೀನಿ ಅಂತ ಹೇಳೋ, ದಡ್ಡ.”

“ಒಪ್ಪಿದ್ದೇನೆ,” ಎಂದರು ಟ್ರಿಣ್ಣನವರು, ಕೋಣೆಯಾಚೆಗೂ ಕೇಳುವಷ್ಟು ಜೋರಾಗಿ. ಟೈಪಿಸ್ಟ್ ಅದನ್ನು ಅಕ್ಷರವೂ ಬಿಡದೆ ಹೊಡೆದ. ಅಧಿಕಾರಿಗಳು ಓದದೆ ಸಹಿ ಹಾಕಿದರು. ದಫೇದಾರರು ಟೋಪಿ ತೆಗೆದು ವಿಧವೆಗೆ ಸಂತಾಪವನ್ನೂ ಮೃತರಿಗೆ ಶುಭಾಶಯವನ್ನೂ ಕೋರಿದರು. ಕಂಡಕ್ಟರ್ ತಂಗಿಯ ತಲೆ ನೇವರಿಸಿ, ಅಂತೂ ನಿನಗೊಂದು ನೆಲೆಯಾಯಿತು ಎಂದು ಕಣ್ಣೊರೆಸಿಕೊಂಡ.

ಈಗ ಈ ಪಟ್ಟಣದಲ್ಲಿ ಎಲ್ಲ ಮದುವೆಗಳೂ ಹೀಗೆಯೇ ದಾಖಲಾಗುತ್ತವೆ. ಅರ್ಜಿ ಸರಳ, ಕಾಯುವ ಕೆಲಸವಿಲ್ಲ, ವರನ ನಡತೆಯ ಬಗ್ಗೆ ಯಾರೂ ಕೆಟ್ಟ ಮಾತಾಡುವಂತಿಲ್ಲ. ಕೊನೆಯ ಮಾತಿನ ಜಾಗದಲ್ಲಿ ಟೈಪಿಸ್ಟ್ ಮೊದಲೇ ‘ಒಪ್ಪಿದ್ದೇನೆ’ ಎಂದು ಹೊಡೆದಿಟ್ಟಿರುತ್ತಾನೆ, ಆದ್ದರಿಂದ ವರ ಬಾಯಿ ತೆರೆಯುವ ಅಗತ್ಯವೂ ಬೀಳುವುದಿಲ್ಲ.