ಮುಸುರೆ ಕೈಗೆ ಮಣಿಪಾಲದ ಮದ್ದು

ನಮ್ಮ ಕಡಿಯಾಳಿಯ ಮನೆಯಲ್ಲಿ ನೀರಿಗೆ ಇದ್ದ ಮರ್ಯಾದೆ ಸೊಸೆಯಂದಿರಿಗೆ ಇರಲಿಲ್ಲ. ಅನ್ನ ಮುಟ್ಟಿದ ಕೈ ಮುಸುರೆ. ಅದಕ್ಕೆ ನೀರು ಸೋಕಿಸದೆ ಮೊಸರಿನ ಪಾತ್ರೆ ಮುಟ್ಟಿದರೆ ಅತ್ತೆಗೆ ಆ ದಿನದ ಊಟ ಸೇರುತ್ತಿರಲಿಲ್ಲ. ಇಂಥ ಮನೆಯಲ್ಲಿ ಚಿಕ್ಕ ಹುಡುಗಿಯೊಬ್ಬಳು ದಿನವಿಡೀ ಕೈ ತೊಳೆಯುತ್ತಿದ್ದರೆ ಯಾರಿಗೆ ಅನುಮಾನ ಬರಬೇಕು, ಹೇಳಿ? "ಮಗಳನ್ನು ನೋಡಿ ಮಡಿ ಕಲಿ ಮಾರಾಯ್ತಿ" ಎಂದು ಅತ್ತೆ ನನಗೇ ಬುದ್ಧಿ ಹೇಳುತ್ತಿದ್ದರು. ಆದರೆ ನನ್ನ ಸುಮಾಳ ಬೆರಳ ಸಂದಿ ಒಡೆದು ರಕ್ತ ಒಸರತೊಡಗಿತು. ತನ್ನ ಕೈಯಿಂದ ಉಣ್ಣಲು ಹೆದರಿ, ನಾನು ತಿನ್ನಿಸಿದರೂ ಬೇಡವೆಂದು, ಹಸಿದುಕೊಂಡು ಬಚ್ಚಲಲ್ಲಿ ನಿಂತು ಅಳತೊಡಗಿದಳು. ನನಗೆ ರೇಗಿಹೋಯಿತು. ಮಡಿಯಂತೆ ಮಡಿ! ಮರುದಿನವೇ ಅವಳನ್ನು ಕರೆದುಕೊಂಡು ಮಣಿಪಾಲದ ಆಸ್ಪತ್ರೆಗೆ ಬಸ್ಸು ಹತ್ತಿದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ; ಇದೊಂದು ಕಾಯಿಲೆಯೆಂದು ಕೇಳಿದ್ದವರೇ ಕಡಿಮೆ. ಡಾಕ್ಟರು ಮಾತ್ರೆ ಕೊಡಲಿಲ್ಲ. "ಮುಟ್ಟಬೇಕು, ತೊಳೆಯಬಾರದು. ಸುಲಭದ್ದು ಮೊದಲು, ಕಷ್ಟದ್ದು ಮತ್ತೆ. ಹೆದರಿಕೆ ಏರ್ತದೆ, ತೊಳೆಯದೆ ಕೂತರೆ ತಾನಾಗಿ ಇಳೀತದೆ. ಅವಳ ಜೊತೆ ನೀವೂ ಮುಟ್ಟಿ" ಎಂದರು.

"ತೊಳೆಯದೆ ಇರ್ಲಿಕ್ಕೆ ಡಾಕ್ಟರು ಬೇರೆ ಬೇಕಾ? ಊರಿಡೀ ತೊಳೆಯದವರೇ ಇದ್ದಾರಲ್ಲ" ಎಂದರು ಅತ್ತೆ.

"ಅವರೆಲ್ಲ ಹೊಟ್ಟೆ ತುಂಬ ಉಣ್ತಾರಲ್ಲ ಅತ್ತೆ" ಎಂದೆ. ಮದುವೆಯಾದ ಮೇಲೆ ನಾನು ಆಡಿದ ಮೊದಲ ಎದುರುತ್ತರ. ರುಚಿ ಹತ್ತಿಬಿಟ್ಟಿತು. ಮಂತ್ರಿಸಿದ ದಾರ ಕಟ್ಟಿಸೆಂದ ಇನ್ನಂಜೆಯ ನೆಂಟರಿಗೂ, ಮೈಲಿಗೆಯೆಂದು ಮೂಗು ಮುರಿದ ನೆರೆಯವರಿಗೂ ಹಾಗೆಯೇ ಧಾರಾಳವಾಗಿ ಬಡಿಸಿದೆ. ಸುಮಾ ಬಾಗಿಲ ಚಿಲಕ ಮುಟ್ಟಿದಳು, ಚಪ್ಪಲಿ ಮುಟ್ಟಿದಳು, ಬಸ್ಸಿನ ಕಂಬಿ ಹಿಡಿದಳು. ಪ್ರತಿಸಲವೂ ಕೈಯನ್ನು ಮಡಿಲಲ್ಲಿಟ್ಟು, ಹೆದರಿಕೆ ಇಳಿಯುವ ತನಕ ತೊಳೆಯದೆ ಕೂತಳು. ನಾನೂ ಅದನ್ನೇ ಮುಟ್ಟಿ ಅವಳ ಪಕ್ಕ ಕೂತೆ. ಕೊನೆಗೆ ಉಳಿದದ್ದು ಅವಳೇ ಹೇಳಿದ ಅತಿ ಕಷ್ಟದ್ದು: ಅನ್ನ ಮುಟ್ಟಿದ ಕೈಯಲ್ಲಿ ಮೊಸರು ಬಡಿಸಿಕೊಳ್ಳುವುದು.

ಅಂದು ಅತ್ತೆಯ ಎದುರಿಗೇ ಎಲೆ ಹಾಕಿದೆ. ಸುಮಾ ಅನ್ನ ಕಲಸಿದಳು. ಅದೇ ಕೈಯಿಂದ ಮೊಸರಿನ ಸೌಟು ಹಿಡಿದಳು. ಅತ್ತೆ ಎದ್ದು ಒಳಗೆ ಹೋದರು. ಹೋಗಲಿ. ನನ್ನ ಮಗಳು ತನ್ನ ಕೈಯಿಂದ ತಾನೇ ಉಂಡಳು. ನಾನೂ ಮುಸುರೆ ಕೈಯಲ್ಲೇ ಸೌಟು ಎತ್ತಿ, ಒಳಗಿನವರಿಗೆ ಕೇಳಿಸಲೆಂದು, "ಈ ಮನೆಯಲ್ಲಿ ಇನ್ನು ಮುಸುರೆ ಗಿಸುರೆ ಎಂತದೂ ಇಲ್ಲ" ಎಂದು ಗಟ್ಟಿಯಾಗಿ ಸಾರಿದೆ.

ಸಾರಿ ಮುಗಿಸಿ ನೋಡುತ್ತೇನೆ, ಬಚ್ಚಲಲ್ಲಿ ನಿಂತಿದ್ದೇನೆ, ಕೈಯಲ್ಲಿ ನೀರಿನ ತಂಬಿಗೆ.

"ಅಮ್ಮಾ, ತೊಳೀಬೇಡ" ಎಂದಳು ಸುಮಾ, ಎಲೆಯ ಮುಂದಿನಿಂದಲೇ. "ಇಲ್ಲಿ ಬಂದು ನನ್ನ ಹತ್ರ ಕೂತ್ಕೊ. ತಾನಾಗಿ ಇಳೀತದೆ."

ಕೂತೆ. ಅವಳದ್ದು ಇಳಿಯಿತು. ನನ್ನದು ಇನ್ನೂ ಇಳಿಯುತ್ತಲೇ ಇದೆ.