ಅಕ್ಕೋರ ಗಂಡನ ಕಿವಿ

ಸಂಶಯ ಒಳ್ಳೆಯದಲ್ಲ ಎನ್ನುತ್ತಾರೆ. ಹಾಗೆನ್ನುವವರಿಗೆ ಮದುವೆಯಾಗಿಲ್ಲವೆಂದು ನನ್ನ ಸಂಶಯ. ನಮ್ಮ ಮನೆಯಲ್ಲಿ ಬಂಗಡೆ ಮೀನಿನ ಸಾರು ಮಾಡಿದರೆ ನನ್ನ ಪಾಲಿಗೆ ಯಾವತ್ತೂ ಬಾಲದ ತುಂಡು. ನಡುವಿನದು ಅಮ್ಮನಿಗೆ, ಮಗಳಿಗೆ, ನೆಂಟರು ಬಂದರೆ ಅವರಿಗೆ. ಅಂಥದ್ದರಲ್ಲಿ ಆ ಭಾನುವಾರ ದಪ್ಪನೆಯ ನಡುವಿನ ತುಂಡೇ ನನ್ನ ಬಟ್ಟಲಿಗೆ ಬಂದು ಬಿತ್ತು. ಅನ್ನ ಕಲಸುವುದು ಬಿಟ್ಟು ಹೆಂಡತಿ ಶಾರದೆಯ ಮುಖ ನೋಡಿದೆ.

“ಎಂತ ನೋಡ್ತ್ರಿ? ತಿನ್ನಿ,” ಎಂದಳು. ತಿಂದು ಮುಗಿಸಿದ ಮೇಲೆ ಮುಳ್ಳು ಹೊರಬಿತ್ತು. “ಒಂದ್ಸಲ ಕಿವಿ ಆಡ್ಸಿ ನೋಡ್ವ.”

ನನಗೆ ಕೈ ಮುಟ್ಟಿಸದೆ ಎರಡೂ ಕಿವಿ ಅಲ್ಲಾಡಿಸಲು ಬರುತ್ತದೆ. ದೇವರು ಕೊಟ್ಟ ಒಂದೇ ವಿದ್ಯೆ. ಹೆಣ್ಣು ನೋಡಲು ಹೋದಾಗ ಹೆದರಿಕೆಯಲ್ಲಿ ತಾವಾಗಿ ಅಲ್ಲಾಡಿ, ಇವಳು ನಕ್ಕು, ಮದುವೆ ಕುದುರಿತ್ತು. ಆಮೇಲೆ “ನೆಂಟ್ರ ಎದ್ರಿಗೆ ಮರ್ಯಾದೆ ತೆಗೀಬೇಡಿ” ಎಂದು ನಿಲ್ಲಿಸಿದವಳೂ ಇವಳೇ. ಈಗೇಕೆ ಬೇಕಾಯಿತು? ಅವಳು ಮಂಕಿ ಎಂಬ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ಕೆಲಸವಿಲ್ಲದಿದ್ದರೂ ಮೈಯಲ್ಲಿ ಉಳಿದುಕೊಂಡ ಅಂಗಗಳು ನಾವು ಹಳೆಯ ಪ್ರಾಣಿಗಳಿಂದ ಬಂದದ್ದಕ್ಕೆ ಸಾಕ್ಷಿ ಎಂಬ ಪಾಠವಂತೆ.

“ಚಿತ್ರ ತೋರ್ಸಿದ್ರೆ ಮಕ್ಳು ನಂಬೂದಿಲ್ಲ. ನೀವೇ ಬರ್ರಿ.”

ನಾನು ಕೆಲಸ ಮಾಡುವ ಹೊನ್ನಾವರದ ಕಚೇರಿಯಲ್ಲಿ ಆ ಮಕ್ಕಳ ಅಪ್ಪಂದಿರು ನನ್ನನ್ನು ‘ಸಾಹೇಬ್ರೆ’ ಎನ್ನುತ್ತಾರೆ. ವರ್ಷಗಟ್ಟಲೆ ಮುಖ ಗಂಟುಹಾಕಿಕೊಂಡು ಗಳಿಸಿದ ಮರ್ಯಾದೆ ಅದು. ಆದರೆ ಬಂಗಡೆ ಆಗಲೇ ಹೊಟ್ಟೆ ಸೇರಿತ್ತು.

ಹೋದೆ. ಅಲ್ಲಾಡಿಸಿದೆ. ತರಗತಿ ಹೋ ಎಂದಿತು. “ಶತ್ರು ಬಂದ ಸದ್ದಿಗೆ ಪ್ರಾಣಿಗಳು ಕಿವಿ ತಿರುಗಿಸ್ತವೆ. ಮನುಷ್ಯರಿಗೀಗ ಅದರ ಉಪಯೋಗ ಇಲ್ಲ,” ಎಂದು ಶಾರದೆ ಕೋಲಿನಿಂದ ನನ್ನ ಕಿವಿ ತೋರಿಸಿದಳು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಅಕ್ಕೋರೇ, ಇವ್ರಿಗೆ ಬಾಲನೂ ಅದ್ಯಾ?”

“ಬಾಲ ಇಲ್ಲ, ಬಾಲದ ಮೂಳೆ ಅದೆ. ಎಲ್ಲರಿಗೂ ಅದೆ.”

ಎಲ್ಲರಿಗೂ ಇದ್ದರೂ ಎಲ್ಲರೂ ನೋಡಿದ್ದು ನನ್ನ ಹಿಂದೆಯೇ. ಮರುದಿನ ಕಚೇರಿಯಲ್ಲಿ ಅರ್ಜಿ ತಂದವನೊಬ್ಬ ಮುಖ ಬಿಟ್ಟು ನನ್ನ ಕಿವಿಯನ್ನೇ ನೋಡುತ್ತ ನಿಂತ. ಇನ್ನು ಶಾಲೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಆಣೆ ಮಾಡಿದೆ.

ಮುಂದಿನ ಭಾನುವಾರ ಅಡುಗೆಮನೆಯಿಂದ ಸಕ್ಕರೆಯಂಥ ದನಿ ಬಂತು. “ಕೇಳ್ತ್ರಾ? ಊಟಕ್ಕೆ ಬರ್ರಿ.” ನಾನು ಹೇಳದೆಯೇ ಕಿವಿಗಳು ನಿಮಿರಿದವು. ಉಪಯೋಗ ಇಲ್ಲವಂತೆ! ಬಟ್ಟಲಲ್ಲಿ ಮತ್ತೆ ನಡುವಿನ ತುಂಡು.

“ನಾಳೆ ಬಾಲದ ಮೂಳೆ ಪಾಠ,” ಎಂದಳು.

“ನಾ ಬರೂದಿಲ್ಲ.”

ಅವಳು ಸಿಟ್ಟಾಗಲಿಲ್ಲ. ಇನ್ನೊಂದು ತುಂಡು ಬಡಿಸಿ, “ನೀವು ಬಂದ್ರೇ ಪಾಠ ಚಲೋ ಆಗೂದು,” ಎಂದಳು. ಮನುಷ್ಯನ ಬಾಲ ಉದುರಿಹೋದದ್ದು ಒಳ್ಳೆಯದೇ ಆಯಿತು. ಇದ್ದಿದ್ದರೆ ಆಗಲೇ ಅಲ್ಲಾಡಿಬಿಡುತ್ತಿತ್ತು.