ದೊಡ್ಡ ಮಾವನ ನೊಣಗಳು

ನಮ್ಮ ದೊಡ್ಡ ಮಾವ ಜೀವಮಾನದಲ್ಲಿ ಹಿಡಿದದ್ದು ಒಂದೇ ಒಂದು ಮೀನು. ಅದೂ ಅವರ ಗಾಳಕ್ಕೆ ಸಿಗುವುದಕ್ಕೆ ಎಷ್ಟೋ ಹೊತ್ತು ಮೊದಲೇ ಸತ್ತಿತ್ತು! ಆದರೂ ಬಂಟ್ವಾಳ ಪೇಟೆಯಲ್ಲಿ ಪೆಟಗೋನಿಯಾದ ಹೊಳೆಗಳ ಬಗ್ಗೆ ಎರಡು ಮಾತಾಡಬಲ್ಲವರು ಅವರೊಬ್ಬರೇ. ಉಳಿದವರು ಆ ಹೆಸರನ್ನೇ ಕೇಳಿರಲಿಲ್ಲ, ಅದು ಬೇರೆ ವಿಷಯ.

ದೊಡ್ಡ ಮಾವ ಎಂದರೆ ನನ್ನ ಮಾವನವರ ಅಣ್ಣ. ಮದುವೆಯಾಗದವರು, ಭೂಗೋಳದ ನಿವೃತ್ತ ಮಾಸ್ಟ್ರು. ಮೂವತ್ತು ವರ್ಷ ಭೂಪಟಕ್ಕೆ ಬೆತ್ತ ಮುಟ್ಟಿಸಿದವರು, ಮಂಗಳೂರು ದಾಟಿದವರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮ ಮದುವೆಯಾದ ವರ್ಷ, ನನ್ನವರು ಕುವೈಟಿನಿಂದ ಗಾಜಿನ ಲೋಟಗಳನ್ನು ತಂದರು. ರಜೆ ಮುಗಿಯಿತು, ಅವರು ಕುವೈಟಿಗೆ ವಾಪಸು ಹೋದರು, ಲೋಟಗಳು ಕಪಾಟು ಸೇರಿದವು. ಲೋಟಕ್ಕೆ ಸುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಗಳನ್ನು ದೊಡ್ಡ ಮಾವ ಇಸ್ತ್ರಿ ಹಾಕಿ ಓದಿದರು. ದಕ್ಷಿಣ ಅಮೆರಿಕದ ತುತ್ತತುದಿಯ ಪೆಟಗೋನಿಯಾ, ಅಲ್ಲಿಯ ಕಾಡು, ಹಿಮದ ಹೊಳೆ, ಪುಕ್ಕ ಮತ್ತು ನೂಲಿನಿಂದ ನೊಣದ ವೇಷ ಹಾಕಿಸಿದ ಗಾಳ, ಅದಕ್ಕೆ ಮರುಳಾಗುವ ಮೀನು. ಸರಿ, ಹೋಗುವುದೆಂದೇ ತೀರ್ಮಾನವಾಯಿತು!

ಮೇ ತಿಂಗಳ ಸೆಖೆಯಲ್ಲಿ ಒಂದು ದಿನ ಉಣ್ಣೆಯ ಸ್ವೆಟರ್ ತೊಟ್ಟು ಊಟಕ್ಕೆ ಬಂದರು.

"ಎಂತ ದೊಡ್ಡ ಮಾವ, ಜ್ವರವಾ?"

"ಅಲ್ಲಿ ಈಗ ಚಳಿ ಶುರು ಮಗಾ. ಮೈಗೆ ಅಭ್ಯಾಸ ಆಗಬೇಕಲ್ಲ?"

ಮೈಗೆ ಆದದ್ದು ಬೆವರುಸಾಲೆ.

ಆಮೇಲೆ ಅಂಗಳದಲ್ಲಿ ಬಿದಿರಿನ ಕೋಲು ಬೀಸುವ ಅಭ್ಯಾಸ. ಮೀನು ಮಾರುವ ಲಚ್ಚಕ್ಕ ತಲೆಯಿಂದ ಬುಟ್ಟಿ ಇಳಿಸುವುದಕ್ಕೂ ಗಾಳ ಹಾರಿಹೋಗಿ ಬಂಗುಡೆಯೊಂದಕ್ಕೆ ಕಚ್ಚಿಕೊಳ್ಳುವುದಕ್ಕೂ ಸರಿಹೋಯಿತು.

"ಸಿಕ್ಕಿತು!" ಎಂದು ದೊಡ್ಡ ಮಾವ ಕುಣಿದರು. ಮರುಕ್ಷಣವೇ ಗಂಭೀರರಾದರು. "ಇದನ್ನು ಬಿಡಬೇಕು. ಅಲ್ಲಿಯ ನಿಯಮ ಹಾಗೆ. ಹಿಡಿಯುವುದು, ಬಿಡುವುದು."

"ಹಿಡಿದು ಬಿಡುವುದಾ? ಅಲ್ಲಿ ಯಾರಿಗೂ ಸಾರು ಮಾಡ್ಲಿಕ್ಕೆ ಬರುವುದಿಲ್ವಾ ಮಾಸ್ಟ್ರೇ?" ಲಚ್ಚಕ್ಕ ಸೊಂಟಕ್ಕೆ ಕೈ ಇಟ್ಟಳು. "ಬಿಡುವುದಾದ್ರೆ ನನ್ನ ಬುಟ್ಟಿಗೇ ಬಿಡಿ ಮಾರಾಯ್ರೆ. ನೇತ್ರಾವತಿಗೆ ಬಿಟ್ರೆ ಅದು ಈಜುವುದು ಉಂಟಾ?"

ನೊಣ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಮಾವನ ಬೆರಳು ನಡುಗುತ್ತಿತ್ತು. ನನಗೋ, ಮೂಡುಬಿದಿರೆಯ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಕಸೂತಿ ಗೊತ್ತಿತ್ತು. ಪ್ರಾರ್ಥನಾ ಮಂದಿರದ ಮೇಜುಬಟ್ಟೆಗೆ ದ್ರಾಕ್ಷಿ ಬಳ್ಳಿ ಹೊಲಿದ ಬೆರಳುಗಳು ಈಗ ಹುಂಜದ ಪುಕ್ಕಕ್ಕೆ ರೇಷ್ಮೆ ನೂಲು ಸುತ್ತತೊಡಗಿದವು! ಮಧ್ಯಾಹ್ನ ಪಾತ್ರೆ ತೊಳೆದು, ಮನೆಯೆಲ್ಲ ಮಲಗಿದ ಮೇಲೆ, ಚಾವಡಿಯಲ್ಲಿ ನಾವಿಬ್ಬರೇ. ನನ್ನವರ ಫೋನು ಬರುವುದು ಶುಕ್ರವಾರ. ಉಳಿದ ಆರು ದಿನ ನನ್ನೊಡನೆ "ಉಪ್ಪು ಹೆಚ್ಚಾಯಿತು" ಎನ್ನುವುದಕ್ಕಿಂತ ಉದ್ದದ ಮಾತಾಡುತ್ತಿದ್ದವರು ದೊಡ್ಡ ಮಾವ ಮಾತ್ರ.

ಒಂದೇ ತೊಡಕು. ಕಾಡಿಗೆ ಒಬ್ಬರೇ ಬರಬಾರದು, ಜೊತೆಗಾರರು ಬೇಕೇ ಬೇಕು ಎಂದು ಆ ಹಾಳೆಯಲ್ಲಿ ಬರೆದಿತ್ತು. ದೊಡ್ಡ ಮಾವ ಕೇಳದವರಿಲ್ಲ! ಹಲ್ಲಿನ ಡಾಕ್ಟರನ್ನು ಕೇಳಿದರು, ಬಾಯಿ ತೆರೆದುಕೊಂಡೇ. ಬೆಳ್ತಂಗಡಿ ಬಸ್ಸಿನ ಕಂಡಕ್ಟರನ್ನು ಕೇಳಿದರು, "ಪೆಟಗೋನಿಯಾಕ್ಕೆ ಹೋಗುವ, ಬರ್ತೀರಾ?"

"ಈ ಬಸ್ಸು ಉಜಿರೆವರೆಗೆ ಮಾತ್ರ ಮಾಸ್ಟ್ರೇ. ಅಲ್ಲಿಂದ ನೀವು ಬೇರೆ ಹಿಡಿಯಿರಿ!"

ಲಚ್ಚಕ್ಕನನ್ನೂ ಬಿಡಲಿಲ್ಲ. ಗಂಡನನ್ನು ಕೇಳಿ ಹೇಳುತ್ತೇನೆ ಎಂದಳು. ಇಡೀ ತಾಲೂಕಿನಲ್ಲಿ ಅವರು ಕೇಳದೆ ಬಿಟ್ಟದ್ದು ನನ್ನೊಬ್ಬಳನ್ನೇ. ಕಿತ್ತಳೆ ನೂಲು ಸುತ್ತುತ್ತಾ ನಾನು ಕಾದೆ. ಇವತ್ತು ಕೇಳಿಯಾರು, ನಾಳೆ ಕೇಳಿಯಾರು. ಕೇಳಿದರೆ ಹೋಗುವುದಾಗುತ್ತಿತ್ತೇ? ಇಲ್ಲ. ಆದರೂ ಒಂದು ಮಾತು ಕೇಳಬಾರದೇ?

ಈ ನಡುವೆ ನನ್ನ ಒಂದು ಚಪ್ಪಲಿ ಕಾಣೆಯಾಗಿ, ಸಂಜೆಗೆ ದೊಡ್ಡ ಮಾವನ ಕೋಣೆಯ ಬಾಗಿಲಲ್ಲಿ ಸಿಕ್ಕಿತು. ನಮ್ಮ ನಾಯಿಗೆ ಚೆನ್ನಾಗಿ ಬೈದೆ.

ನಲವತ್ತನೆಯ ನೊಣ ಕಟ್ಟುವ ದಿನ ಡಬ್ಬಿ ತರಲು ಅವರ ಕೋಣೆಗೆ ಹೋದೆ. ಮೇಜಿನ ಮೇಲೆ ಪ್ರಯಾಣದ ಸಾಮಾನಿನ ಪಟ್ಟಿ. 'ಬೂಟು, ಎರಡು ಜೊತೆ. ಒಂದು ಎಂಟನೇ ನಂಬರು, ಒಂದು ಐದು.' ಪಕ್ಕದಲ್ಲಿ ಪೆನ್ಸಿಲಿನಿಂದ ಗೀಚಿದ ಚಪ್ಪಲಿಯ ಅಚ್ಚು. ಹೆಬ್ಬೆರಳಿನ ಹತ್ತಿರ ಸವೆದ ಅಂಚನ್ನೂ ಬಿಡದೆ ಬರೆದಿದ್ದರು. ನನ್ನದೇ.

ಪಟ್ಟಿ ಹಿಡಿದುಕೊಂಡು ಚಾವಡಿಗೆ ಬಂದೆ. "ಇದೆಂತ ದೊಡ್ಡ ಮಾವ? ಊರವರನ್ನೆಲ್ಲ ಕೇಳಿದ್ರಿ, ನನ್ನನ್ನು ಮಾತ್ರ ಕೇಳಲಿಲ್ಲ."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಅವರೆಲ್ಲ ಇಲ್ಲ ಅಂದ್ರೆ ನಕ್ಕು ಬರಬಹುದು ಮಗಾ. ನೀನು ಇಲ್ಲ ಅಂದ್ರೆ, ಮತ್ತೆ ಮಧ್ಯಾಹ್ನ ನಾನು ಎಲ್ಲಿ ಕೂರುವುದು?"

ನಾನು ಕುಳಿತು, ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡೆ.

"ಐದು ಬಿಗಿಯಾದೀತು," ಎಂದೆ. "ದಪ್ಪದ ಸಾಕ್ಸ್ ಹಾಕ್ಲಿಕ್ಕೆ ಉಂಟಲ್ಲ? ಆರು ಅಂತ ಬರೆಯಿರಿ."

ದೊಡ್ಡ ಮಾವ ಪೆನ್ಸಿಲು ಹುಡುಕತೊಡಗಿದರು. ಅದು ಅವರ ಕಿವಿಯ ಮೇಲೆಯೇ ಇತ್ತು.